ತುಕ್ಕುಹುಲಿ ಮತ್ತು ಕೋಟೆಬಾಗಿಲಿನ ಅಗುಳಿ

ಹಿಂದೆ, ಕಲ್ಲೂ ಮಾತಾಡುತ್ತಿದ್ದ ಕಾಲದಲ್ಲಿ, ಕರಿಗಿರಿ ಎಂಬ ರಾಜ್ಯವಿತ್ತು. ಅದರ ದೊರೆ ದುರ್ಗಪಾಲನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಪುಣ್ಯಾತ್ಮ, ತನ್ನ ನೆರಳು ಹಿಂದೆ ಬಂದರೂ ತಿರುಗಿ ನೋಡುತ್ತಿದ್ದ!

ಧೂಮಾಕ್ಷನೆಂಬ ಮಾಂತ್ರಿಕ ಕಬ್ಬಿಣದ ಮೈಯ ಒಂದು ತುಕ್ಕುಹುಲಿಯನ್ನು ಮಾಡಿ, ತನ್ನ ಪ್ರಾಣವನ್ನೇ ಅದರಲ್ಲಿಟ್ಟು, ಆ ರಾಜ್ಯಕ್ಕೆ ಬಿಟ್ಟ. ಅದು ನೆಕ್ಕಿದ ಕಬ್ಬಿಣವೆಲ್ಲ ಕೆಂಪು ಪುಡಿ. ಕೋಟೆಬಾಗಿಲಿನ ಅಗುಳಿಯನ್ನೂ ನೆಕ್ಕಿ ಹೋಯಿತು. ಸಂಜೆಗೆ ಮತ್ತೆ ಬರುವುದು ಖಂಡಿತ. ಬಾಗಿಲು ನಿಲ್ಲದಿದ್ದರೆ ಊರಲ್ಲಿ ಒಂದು ಜೀವವೂ ಉಳಿಯದು.

ಕುಲುಮೆಯ ಸಂಕಮ್ಮ ಹೊಸ ಅಗುಳಿ ಬಡಿದಳು. ಮಣ್ಣಿನ ಪೆಟ್ಟಿಗೆಯಲ್ಲಿ ಅದನ್ನಿಟ್ಟು, ಸುತ್ತ ಇದ್ದಿಲ ಪುಡಿ, ಕೊಂಬಿನ ಪುಡಿ ತುಂಬಿ, ಸಂದಿಗೆಲ್ಲ ಜೇಡಿಮಣ್ಣು ಮೆತ್ತಿ ಬೆಂಕಿಗಿಟ್ಟಳು.

“ಒಳಗೇನು ಬಚ್ಚಿಟ್ಟಿದ್ದೀಯೆ?” ಎಂದ, ಕುಲುಮೆಗೇ ಬಂದು ನೋಡುತ್ತ ನಿಂತಿದ್ದ ದೊರೆ.

“ಅಗುಳಿ, ಬುದ್ಧೀ. ಇದ್ದಿಲ ಸಾರ ಕುಡಿದು ಅದರ ಮೈ ಗಟ್ಟಿಯಾಗ್ಬೇಕು. ಗಾಳಿ ಹೊಕ್ರೆ ಎಲ್ಲ ಹಾಳು.”

ಅವಳು ಅತ್ತ ಹೋದದ್ದೇ ತಡ, ದೊರೆ ಮುಚ್ಚಳ ಎತ್ತಿ ಇಣುಕಿದ. ಇದ್ದಿಲು ಭುಗ್ಗೆಂದು ಉರಿದುಹೋಯಿತು. ಆ ಅಗುಳಿಗೆ ಅರ ಹಾಕಿ ಉಜ್ಜಿದರೆ ಬೆಲ್ಲ ತುರಿದಂತೆ ಉದುರಿತು.

ಸಂಕಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಇನ್ನೊಂದು ಅಗುಳಿಯನ್ನು ಪೆಟ್ಟಿಗೆಗೆ ಹಾಕಿ, ಮೆತ್ತಿ, ಬೆಂಕಿಗಿಟ್ಟಳು. “ಅನುಮಾನ ಪಡೋದಾದ್ರೆ ಸರಿಯಾಗಿ ಪಡಿ, ಬುದ್ಧೀ. ಇದನ್ನ ತೆಗಿ ಅನ್ನೋರ ಮೇಲೆ ಪಡಿ. ತೆಗೆದ ಕೂಡಲೇ ಕೆಂಪಗಿರೋ ಅಗುಳಿ ನೀರಿಗೆ ಬೀಳ್ಬೇಕು. ನಾನು ನೀರು ತರ್ತೀನಿ,” ಎಂದು ಹೊರಟಳು.

ಮೊದಲು ರಾಣಿ ಬಂದಳು. “ನನ್ನ ಮುತ್ತಿನ ಸರ ಅದರಲ್ಲಿದೆ, ತೆಗೆಯಿರಿ.” ದೊರೆ ತೆಗೆಯಲಿಲ್ಲ. ಆಮೇಲೆ ಮಂತ್ರಿ ಬಂದ. “ಪ್ರಭೂ, ಅದರಲ್ಲಿ ಸರ್ಪವಿದೆ, ತೆಗೆಯಿರಿ.” ದೊರೆ ಎರಡು ಹೆಜ್ಜೆ ಹಿಂದೆ ಸರಿದ, ಆದರೂ ತೆಗೆಯಲಿಲ್ಲ. ಕೊನೆಗೆ ಸಂಕಮ್ಮನೇ ಬಂದಳು. “ಹದ ಬಂತು ಬುದ್ಧೀ, ತೆಗೀರಿ. ನೆಲದ ಮೇಲೆ ಆರಲಿ.”

“ನೀರೆಲ್ಲಿ?” ಎಂದ ದೊರೆ.

ಅವಳು ಬರಿಗೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು. ದೊರೆ ಕಾದ ಇಕ್ಕಳದಿಂದ ಅವಳ ಮೂಗು ಹಿಡಿದ. ರಾಣಿ, ಮಂತ್ರಿ, ಸಂಕಮ್ಮ ಮೂವರ ವೇಷದಲ್ಲೂ ಬಂದಿದ್ದ ಧೂಮಾಕ್ಷ ಕಿಟಾರನೆ ಕಿರುಚಿ, ನಿಜರೂಪಕ್ಕೆ ಬಂದು ಕಾಡಿಗೆ ಓಡಿದ.

ನಿಜವಾದ ಸಂಕಮ್ಮ ಕೊಡ ಹೊತ್ತು ಬಂದಾಗ ದೊರೆ ಅವಳ ಮೂಗಿನತ್ತಲೂ ಇಕ್ಕಳ ಚಾಚಿದ. “ಮೊದ್ಲು ಕೊಡ ನೋಡಿ, ಬುದ್ಧೀ!” ಎಂದು ಗದರಿದಳು. ಹದ ಬಂದಾಗ ಅಗುಳಿಯನ್ನು ನೀರಿಗೆ ಅದ್ದಿದಳು. ಈ ಸಲ ಅರ ಜಾರಿತು. ಮತ್ತೆ ಹದವಾಗಿ ಕಾಯಿಸಿ ಹರಳೆಣ್ಣೆಯಲ್ಲಿ ಮುಳುಗಿಸಿದಳು, ಮೈಯೆಲ್ಲ ಕಪ್ಪಾಯಿತು.

ಸಂಜೆ ಹುಲಿ ಬಂತು. ಬಾಗಿಲಿಗೆ ಹಾಕಿದ್ದ ಹೊಸ ಅಗುಳಿಯನ್ನು ನೆಕ್ಕಿತು, ನಾಲಿಗೆ ಜಾರಿತು. ಕಚ್ಚಿತು, ಹಲ್ಲು ಮುರಿಯಿತು. ರೋಷಕ್ಕೆ ತನ್ನ ಮೈಯನ್ನೇ ನೆಕ್ಕಿಕೊಂಡು ಕೆಂಪು ಪುಡಿಯಾಯಿತು. ಅದರೊಂದಿಗೆ ಮಾಂತ್ರಿಕನ ಪ್ರಾಣವೂ ಹೋಯಿತು.

“ಏನು ಬೇಕೋ ಕೇಳು,” ಎಂದ ದೊರೆ.

“ಇನ್ನು ಕುಲುಮೆಗೆ ಬಂದಾಗ ಹೊಸ್ತಿಲಾಚೆ ನಿಲ್ಲಿ, ಬುದ್ಧೀ.”

ಊರು ಸುಖವಾಗಿತ್ತು. ದೊರೆಯೂ, ಹೊಸ್ತಿಲಾಚೆ, ಸುಖವಾಗಿದ್ದ.