ಐದು ಉಗುರಿನ ಧೂಪದಾನಿ

"ಮುಖ ಬೇಕಾ, ಧೂಪದಾನಿ ಬೇಕಾ, ಅಗಾತಾ ಮೇಡಂ?"

ರಘುನಂದನ ಆಸಿಡ್ ಬಾಟಲಿಯ ಮುಚ್ಚಳ ತೆಗೆದ.

ದುಬೈ ಆಚೆಯ ಮುಸಫ್ಫಾ ಕೈಗಾರಿಕಾ ಪ್ರದೇಶದಲ್ಲೊಂದು ತಗಡಿನ ಶೆಡ್. ಮಟಮಟ ಮಧ್ಯಾಹ್ನ. ಬಾಗಿಲು ಅವನ ಬೆನ್ನ ಹಿಂದೆ. ನನ್ನ ಕೈಯಲ್ಲಿ ಚೀನೀ ಪಿಂಗಾಣಿಯ ಧೂಪದಾನಿ... ಮೂರು ಕಾಲು, ಬಿಳಿ ಮೈ, ಸುತ್ತ ನೀಲಿ ಮೋಡ, ಮೋಡದೊಳಗೆ ಡ್ರ್ಯಾಗನ್.

ನಾನು ಯಾರು ಅಂತೀರಾ? ಹಿಂದೆ ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್. ಈಗ ಕಳೆದ ಮಾಲು ಹುಡುಕಿಕೊಡುವವಳು. ಕಳಿಸಿದ್ದು ದುಬೈಯಲ್ಲಿ ಆ್ಯಂಟಿಕ್ ಅಂಗಡಿ ಇಟ್ಟಿರುವ ಇಂದ್ರಾಣಿ. "ಪಾರ್ಟ್‌ನರ್ ರಘುನಂದನ ಕದ್ದುಕೊಂಡು ಹೋದ. ಐನೂರು ವರ್ಷದ ಪೀಸ್. ಪೊಲೀಸ್ ಮಾತ್ರ ಬೇಡ!"

ಐನೂರು ವರ್ಷ! ಇಲ್ಲಿ ಕಪಾಟು ತುಂಬ ಅಂಥವೇ ಕೂತಿದ್ದವು. ಕೆಲವಕ್ಕೆ ಹೊಸ ಹೊಳಪು ಇನ್ನೂ ಹೋಗಿರಲಿಲ್ಲ.

"ಉಗುರು ನೋಡಿ ಮೇಡಂ. ಐದು! ಚಕ್ರವರ್ತಿಯ ಡ್ರ್ಯಾಗನ್. ಒಂದು ಕಡಿಮೆಯಾದ್ರೂ ಗಿರಾಕಿ ಮೂಸಿ ನೋಡಲ್ಲ."

ಮೂಲೆಯಲ್ಲಿ ಶರ್ವಿನ್ ಅಂತ ಒಬ್ಬ, ನಮ್ಮ ಕುಂದಾಪುರದ ಕಡೆಯವ. ಹೊಸ ಪಿಂಗಾಣಿ ಹಳೆಯದರಂತೆ ಕಾಣಲು ಆಸಿಡ್ ಒರೆಸಿ ಹೊಳಪು ತೆಗೆಯುವುದು ಅವನ ಕೆಲಸ. ಬರಿಗೈಯಲ್ಲಿ! ಬಲಗೈಯ ಎರಡು ಬೆರಳು ಬೆಂದ ಬಟಾಟೆಯ ಹಾಗೆ ಬೆಳ್ಳಗಾಗಿದ್ದವು...

ಈ ಆಸಿಡ್ ಚರ್ಮದಲ್ಲಿ ನಿಲ್ಲುವುದಿಲ್ಲ. ಎಲುಬಿಗೆ ಇಳಿಯುತ್ತದೆ.

"ಗ್ಲೌಸ್ ಎಲ್ಲಿ ಮಾರಾಯಾ?"

"ಇಂದ್ರಾಣಿ ಮೇಡಂ ಬೇಡ ಅಂದ್ರು ಅಕ್ಕ. ಗ್ಲೌಸ್ ಹಾಕಿದ್ರೆ ಪೀಸ್ ಜಾರ್ತದಂತೆ."

ಇಂದ್ರಾಣಿ! ಅಂದರೆ ಇದು ಕಳ್ಳತನವೇ ಅಲ್ಲ. ಇಬ್ಬರು ಕಳ್ಳರ ಜಗಳ. ನಡುವೆ ನಾನು!

"ಖಲಾಸ್! ಕೊಡಿ ಇಲ್ಲಿ!"

ಕೊಟ್ಟೆ. ರಘುನಂದನನ ತಲೆಯ ಮೇಲಕ್ಕೆ ಎಸೆದು!

ಎರಡೂ ಕೈ ಚಾಚಿ ಹಿಡಿದ. ಪಿಂಗಾಣಿ ಉಳಿಯಿತು. ಬಾಟಲಿ ಬಿತ್ತು... ಅವನ ಕಾಲ ಮೇಲೆ.

"ಓಡು ಶರ್ವಿನ್!"

ಹೊರಗೆ ನಿಲ್ಲಿಸಿದ್ದ ನನ್ನ ಜೀಪು ಹತ್ತಿದೆವು. ರಘುನಂದನನ ಡ್ರೈವರ್ ಗೇಟಿಗೆ ಪಿಕಪ್ ಅಡ್ಡ ತಂದ. ನಾನು ಬ್ರೇಕ್ ಮುಟ್ಟಲಿಲ್ಲ. ಅವನಿಗೂ ಜೀವದ ಆಸೆಯಿತ್ತು... ರಿವರ್ಸ್ ತೆಗೆದ.

ದಾರಿಯಲ್ಲೇ ಪೊಲೀಸಿಗೆ ಫೋನ್ ಮಾಡಿದೆ. ಆಮೇಲೆ ಇಂದ್ರಾಣಿಗೆ, ಗಾಳ ಹಾಕಲು. "ಮಾಲು ಸಿಕ್ಕಿದೆ. ಆಸ್ಪತ್ರೆಗೆ ಬನ್ನಿ."

ಬಂದಳು. ಮೂಗಿಗೆ ಸೆಂಟಿನ ಕರವಸ್ತ್ರ. ಪಕ್ಕದ ವಾರ್ಡಿನಲ್ಲಿ, ಪೊಲೀಸರು ಶೆಡ್ಡಿನಿಂದ ಎತ್ತಿ ತಂದಿದ್ದ ರಘುನಂದನ ಊಳಿಡುತ್ತಿದ್ದ.

"ಪೀಸ್ ಒಡೀಲಿಲ್ಲ ತಾನೇ?"

ಉಗಿಯಬೇಕೆನಿಸಿತು. ಆಸ್ಪತ್ರೆಯ ನೆಲ... ನುಂಗಿಕೊಂಡೆ.

"ಈ ಶರ್ವಿನ್‌ನ ಎರಡು ಬೆರಳು ತೆಗೀಬೇಕಂತೆ."

"ಯಾರಿವನು? ನಾನು ನೋಡಿಯೇ ಇಲ್ಲ!"

ಬಾಗಿಲಲ್ಲಿ ನಿಂತಿದ್ದ ಪೊಲೀಸ್ ಅಧಿಕಾರಿ ಒಳಗೆ ಬಂದ. ನಿನಗೆ ಕೆಲಸ ಹೇಳುತ್ತಿದ್ದವರು ಯಾರು ಅಂತ ಶರ್ವಿನ್‌ನನ್ನು ಕೇಳಿದ.

ಶರ್ವಿನ್ ಎಡಗೈ ಎತ್ತಿದ.

ತೋರಿಸಲಿಕ್ಕೆ ಒಂದೇ ಬೆರಳು ಸಾಕಾಯ್ತು!