ಗಾಳಿಸಿದ ನೀರಿನಲ್ಲಿ ಬೆಳೆಯದ ಹರಳು

ಕೋಳಿಮೊಟ್ಟೆ ಕಂಡದ್ದೇ ಪದ್ಮಲತಾ ಕೈ ಹಿಂದೆಳೆದುಕೊಂಡಳು.

ಅಳದಂಗಡಿಯ ಜೈನರ ಮನೆ ಹುಡುಗಿ, ಮೊಟ್ಟೆ ಮುಟ್ಟಿದವಳಲ್ಲ. ಆದರೆ ಅದರ ಬಿಳಿಯಲ್ಲಿರುವ ಒಂದು ಪ್ರೋಟೀನನ್ನು ಹರಳಾಗಿ ಬೆಳೆಸುತ್ತೇನೆಂದು ಹಟ ಹಿಡಿದವಳೂ ಅವಳೇ. 2003ರಲ್ಲಿ, ಮೂಡುಬಿದಿರೆಯ ಕಾಲೇಜಿನಲ್ಲಿ ಅದೇ ಅವಳ ಎಂ.ಎಸ್ಸಿ. ಪ್ರಾಜೆಕ್ಟ್.

"ಬಿಡಿ, ನಾನು ಒಡೆದು ಕೊಡ್ತೇನೆ."

ಲ್ಯಾಬ್ ಸಹಾಯಕ ಶ್ರೀಪಾಲ, ಬಸದಿಯ ಪುರೋಹಿತರ ಮಗ! ಅವನೂ ಮೊಟ್ಟೆ ಮುಟ್ಟುವುದು ಅದೇ ಮೊದಲೆಂದು ಅವನ ಬೆರಳುಗಳೇ ಹೇಳುತ್ತಿದ್ದವು.

'ನನಗಾಗಿ...?' ಪದ್ಮಲತಾ ಅವನ ಮುಖವನ್ನೇ ನೋಡಿದಳು.

ಎರಡು ತಿಂಗಳು ಒಟ್ಟಿಗೆ ದುಡಿದರು. ಆದರೆ ಮೈಕ್ರೋಸ್ಕೋಪಿನಲ್ಲಿ ಪ್ರತಿ ಸಲವೂ ಕಂಡದ್ದು ಮುಳ್ಳುಹಂದಿಯ ಬೆನ್ನಿನಂಥ ಸೂಜಿಗಳ ಗೊಂಚಲು! ಪ್ರಾಜೆಕ್ಟ್ ಒಪ್ಪಿಸಲು ಉಳಿದದ್ದು ಹದಿನೈದೇ ದಿನ.

ಆಗಲೇ ಅವಳು ನೋಡಿದ್ದು... ಶ್ರೀಪಾಲ ಡಿಸ್ಟಿಲ್ಡ್ ವಾಟರನ್ನು ಬಟ್ಟೆಯಲ್ಲಿ ಗಾಳಿಸುತ್ತಿದ್ದ. ಗಂಜಿ ಹಾಕಿದ ಹಳೆಯ ಸೀರೆಯ ತುಂಡು!

"ಪುರೋಹಿತರ ಮಗನಿಗೆ ಈ ಮೊಟ್ಟೆ ಕೆಲಸ ಬೇಡವಾಗಿತ್ತು ಅಲ್ವಾ? ಬೇಕೂಂತಲೇ ಹಾಳು ಮಾಡಿದಿರಿ."

ಅವನು ತಲೆ ತಗ್ಗಿಸಿ ಹೊರಟುಹೋದ.

ಸಂಜೆ ಗೈಡ್ ವಿನೋದಾ ಮೇಡಂ ಅವಳನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಪ್ರೋಟೀನಿನ ಕಣಗಳು ಒಂದರ ಪಕ್ಕ ಒಂದು ಸಾಲು ಕಟ್ಟಿದರೆ ಹರಳು. ಗಂಜಿಯಂಥ ಬೇರೆ ಕಣ ನಡುವೆ ಬಂದು ಕೂತರೆ ಸಾಲು ಕೆಟ್ಟು ಹರಳು ಕವಲೊಡೆಯುತ್ತದೆ. ಆಮೇಲೆ ಮೆಲ್ಲನೆ, ಶ್ರೀಪಾಲ ತನ್ನ ಬಳಿ ಬಂದು ಕಣ್ಣೀರು ಹಾಕಿದನೆಂದರು. ನೀರಿನ ಸಣ್ಣ ಜೀವಿಗಳಿಗೆ ಹಿಂಸೆಯಾಗಬಾರದೆಂದು, ಗಾಳಿಸದ ನೀರನ್ನು ಅವನ ಮನೆಯಲ್ಲಿ ಯಾರಿಗೂ ಕೊಡುವ ಪದ್ಧತಿಯಿಲ್ಲ. ಅವಳಿಗಂತೂ ಹೇಗೆ ಕೊಡಲಿ ಎಂದಿದ್ದನಂತೆ.

ಪದ್ಮಲತಾಳಿಗೆ ಅಳು ಉಕ್ಕಿ ಬಂತು. ಅವಳ ಮನೆಯಲ್ಲೂ ನೀರು ಗಾಳಿಸಿಯೇ ಕುಡಿಯುವುದು. ತನಗೇ ಹೊಳೆಯಬೇಕಿತ್ತಲ್ಲ!

ಮರುದಿನದಿಂದ ಅವನು ಗಾಜಿನ ಸಾಮಾನೆಲ್ಲ ತೊಳೆದಿಟ್ಟು, ಅವಳು ಬರುವ ಮೊದಲೇ ಮರೆಯಾಗುತ್ತಿದ್ದ. ಅವನು ಒಡೆದು ಕೊಟ್ಟ ಮೊಟ್ಟೆಯಿಂದ ತೆಗೆದಿಟ್ಟಿದ್ದ ಪ್ರೋಟೀನಿನಿಂದಲೇ, ಗಾಳಿಸದ ನೀರಿನಲ್ಲಿ, ಅವಳು ಎಲ್ಲವನ್ನೂ ಹೊಸದಾಗಿ ಆರಂಭಿಸಿದಳು.

ಹತ್ತನೆಯ ದಿನ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ಉಸಿರಾಡುವುದನ್ನೇ ಮರೆತಳು.

ಹರಳು! ಯಾರೂ ಕಡೆಯದೆ, ಯಾರೂ ಉಜ್ಜದೆ, ಕೋಟಿ ಕೋಟಿ ಕಣಗಳು ತಾವಾಗಿಯೇ ಬಂದು ನಿಂತು ಕಟ್ಟಿದ ಹರಳು. ಅಂಚುಗಳು ಗೀಟೆಳೆದಷ್ಟು ನೇರ. ಅವಳು ಅರಿವಿಲ್ಲದೆಯೇ ಕೈ ಮುಗಿದಳು.

ಓಡಿಹೋಗಿ ಶ್ರೀಪಾಲನನ್ನು ಕರೆತಂದಳು. ಅವನು ಬಾಗಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ.

"ಇದು... ಆ ಮೊಟ್ಟೆಯೊಳಗೇ ಇದ್ದದ್ದಾ?"

"ಹೌದು. ನೀವು ಒಡೆದು ಕೊಟ್ಟದ್ದು. ಅವತ್ತು ನಾನು ಹಾಗೆ ಹೇಳಬಾರದಿತ್ತು."

"ತಪ್ಪು ನನ್ನದೇ. ಇನ್ನು ಗಾಳಿಸುವುದಿಲ್ಲ."

"ಲ್ಯಾಬಿನಲ್ಲಿ ಬೇಡ. ನಮ್ಮ ಮನೆಯಲ್ಲಿ ಮಾತ್ರ ದಿನಾ ನೀವೇ ಗಾಳಿಸಬೇಕು."

"ನಮ್ಮ ಮನೆ... ಅಂದ್ರೆ?"

"ಕಣ್ಣಿಗೆ ಕಾಣದ್ದೆಲ್ಲ ಇದರಲ್ಲಿ ಕಾಣ್ತದೆ ಮಾರಾಯ್ರೇ, ನಿಮಗೆ ನಾನು ಕಾಣುವುದಿಲ್ವಾ?"

ಶ್ರೀಪಾಲ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಅವಳನ್ನು ನೋಡಿದ.

"ಮೊಟ್ಟೆ ಒಡೆದ ದಿನವೇ ನನಗೆ ಕಂಡಿದ್ದಿರಿ," ಎಂದ.