ಮಕ್ಕಳ ಬಟ್ಟೆ ಬಾರದ ವಾರ

ನನ್ನ ಮಗ ನಜೀಬ್ ಗಲ್ಫಿನ ಒಂದು ನೌಕಾನೆಲೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದ. ಸೋಮವಾರ ಮಧ್ಯಾಹ್ನ, ಎರ್ಮಾಳಿನ ಮನೆಯಲ್ಲಿ ನಾನು ಬಂಗುಡೆ ಮೀನು ಕ್ಲೀನ್ ಮಾಡುತ್ತಿದ್ದಾಗ ಅವನ ಕರೆ ಬಂತು.

“ಉಮ್ಮಾ, ಆಫೀಸರುಗಳ ಮಕ್ಕಳ ಬಟ್ಟೆ ಒಗೆಯಲಿಕ್ಕೆ ಬರುವುದೇ ನಿಂತಿದೆ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ್ದಾರೆ ಕಾಣ್ತದೆ. ಎಂತದೋ ಉಂಟು.”

“ಮೇಲಿನವರಿಗೆ ಹೇಳಿದೆಯಾ?”

“ನಮ್ಮ ಊರ ಕಡೆಯವರೇ, ಶಿರ್ವದ ಸೂಪರ್‌ವೈಸರಿಗೆ ಹೇಳಿದೆ. ‘ನೀನು ಇಸ್ತ್ರಿ ಹಾಕು ಮಾರಾಯ, ಯುದ್ಧ ಅವರು ನೋಡಿಕೊಳ್ತಾರೆ’ ಅಂತ ನಕ್ಕರು. ನಾನು ಬಂದುಬಿಡ್ಲಾ?”

ಅವನ ಮಾತಿನ ಹಿಂದೆ ಸೈರನ್ ಕೂಗುತ್ತಿತ್ತು. ಕೇಳಿದರೆ, “ಇಲ್ಲಿ ಎಂತ ಶಬ್ದವೂ ಇಲ್ಲ ಉಮ್ಮಾ” ಎಂದ.

ಮಂಗಳವಾರ, ಬುಧವಾರವೂ ಅದೇ ಹೊತ್ತಿಗೆ ಕರೆ, ಅದೇ ಮಾತು, ಅದೇ ಸೈರನ್. ಕಿವಿಗಿಟ್ಟ ಫೋನು ಐಸಿನಲ್ಲಿಟ್ಟ ಮೀನಿನಷ್ಟು ತಣ್ಣಗಿತ್ತು. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡೆ. “ಎರಡು ತಿಂಗಳಲ್ಲಿ ರಜೆ ಉಂಟಲ್ವಾ, ಅಷ್ಟರವರೆಗೆ ಇರು ಮಗನೇ” ಎಂದು ಮೂರು ದಿನವೂ ನಾನೇ ಹೇಳಿದೆ.

ಗುರುವಾರ ಬೆಳಿಗ್ಗೆ ನೆಲೆಯ ಮೇಲೆ ಕ್ಷಿಪಣಿಗಳು ಬಿದ್ದವು. ನಜೀಬ್ ಉಳಿಯಲಿಲ್ಲ. ಯಾರಿಗೂ ಸುಳಿವೇ ಇರಲಿಲ್ಲವೆಂದು ಟಿವಿಯಲ್ಲಿ ಹೇಳಿದರು.

ಅವನ ಸಾಮಾನು ತಂದುಕೊಟ್ಟವನು ಅಲ್ಲೇ ಜೊತೆಗೆ ಕೆಲಸಕ್ಕಿದ್ದ ಗೆಳೆಯ ಝುಬೈರ್. “ಭಾನುವಾರವೇ ಗೇಟಿನಲ್ಲಿ ಎಲ್ಲರ ಫೋನು ತೆಗೆದುಕೊಂಡು ಲಕೋಟೆಗೆ ಹಾಕಿ ಸೀಲು ಮಾಡಿದ್ದರು. ಮನೆಗೆ ಮಾತಾಡಬೇಕೆಂದು ಅವನು ತುಂಬಾ ಕೇಳಿಕೊಂಡ, ಬಿಡಲಿಲ್ಲ.”

ಸಾಮಾನಿನೊಳಗಿದ್ದ ಆ ಲಕೋಟೆಯ ಸೀಲು ನಾನೇ ಒಡೆದೆ. ಭಾನುವಾರದ ನಂತರ ಅವನ ಫೋನಿನಿಂದ ಒಂದು ಕರೆಯೂ ಹೋಗಿಲ್ಲ. ನನ್ನ ಫೋನಿನಲ್ಲಿ ಅವನ ಹೆಸರಿನ ಮೂರು ಕರೆಗಳಿವೆ.